ಟಿಕ್ ಟಿಕ್ ಅನ್ನುವ ಗಾಡಿ, ನಡೀತೈತಿ ಅನ್ನುವ ಮಂದಿ

ಗೋವಾದಲ್ಲಿ ದುಡಿಯುವ ನಮ್ಮ ಕಡೆಯ ಮಂದಿ ತಮ್ಮ ಹಳೆಯ ಗಾಡಿಗಳ ಬಗ್ಗೆ ಆಡುವ ಒಂದು ಮಾತು ನನಗೆ ಸೇರುವುದಿಲ್ಲ. "ಹಳೀ ಗಾಡಿ ಅಂದಮ್ಯಾಲೆ ಸಪ್ಪಳ ಇರೂದ, ನಡೀತೈತಿ ಬಿಡ್ರಿ" ಅಂತಾರ. ಬಾಗಿಲು ಬಡಬಡ ಅನ್ನುವುದು ನಡೀತೈತಿ, ಒಪ್ಪಿದೆ. ಪಾಟಾ ಕಿರ್ ಅನ್ನುವುದೂ ನಡೀತೈತಿ. ಹಾರ್ನ್ ಒಂದನ್ನು ಬಿಟ್ಟು ಉಳಿದದ್ದೆಲ್ಲಾ ಸಪ್ಪಳ ಮಾಡತೈತಿ ಅಂತ ನಗಾಡುವುದೂ ನಡೀತೈತಿ. ಆದರೆ ಒಂದು ಸಪ್ಪಳ ಮಾತ್ರ ನಡೆಯುವಂಥದ್ದಲ್ಲ. ಮುಂಜಾನೆ ತಣ್ಣಗಿರುವ ಗಾಡಿ ಚಾಲೂ ಮಾಡಿದ ಕೂಡಲೆ ಇಂಜಿನ್ನಿನ ಬಗಲಿನಿಂದ ಹಲ್ಲಿ ಲೊಚಗುಟ್ಟಿದ ಹಾಗೆ ಟಿಕ್ ಟಿಕ್ ಟಿಕ್ ಅಂತ ಒಂದು ಸಪ್ಪಳ ಬರುತ್ತದಲ್ಲ, ಅದು. ಗಾಡಿಯ ಹಿಂದಿನಿಂದ ಹೊರಗೆ ಹೋಗಬೇಕಾದ ಹೊಗೆ ಮುಂದೆ ಸೋರಲಿಕ್ಕೆ ಹತ್ತಿದೆ ಅಂತ ಆ ಸಪ್ಪಳದ ಅರ್ಥ.

"ನೀ ಹೊಲ ಮಾಡವ, ಗೀಗೀ ಹಾಡವ, ನಿನಗ್ಯಾಕ ಇಂಜಿನ್ನಿನ ಉಸಾಬರಿ?" ಅಂತ ಕೇಳಿದವರಿದ್ದಾರೆ. ನಾನು ಮಲಪ್ರಭೆ ದಂಡೆಯ ರೈತ, ಕಲಿತದ್ದು ಏಳನೇತ್ತೆ. ಆದರೆ ಹಾಡುವವನಿಗೆ ಉಸಿರಿನ ಉಸಾಬರಿ ಇಲ್ಲದೆ ಮತ್ತೆ ಯಾರಿಗಿರಬೇಕು? ನಮ್ಮ ಭಜನಿ ಪೆಟ್ಟಿಗೆಯ ತಿದಿ ಒಂದು ಕಡೆ ಹರಿಯಿತು ಅನ್ನಿರಿ, ಗಾಳಿ ಸೋರಿ ಸ್ವರ ಇಳಿಯುತ್ತದೆ, ಅವತ್ತೇ ಚರ್ಮ ತಂದು ಹಚ್ಚಿಸುತ್ತೇವೆ. ಸ್ವರ ಕೆಟ್ಟರೆ ನಾಲ್ಕು ಮಂದಿ ನಗುತ್ತಾರೆ, ಅಷ್ಟೆ. ಗಾಡಿಯ ಹೊಗೆ ಸೋರಿದರೆ ಹೋಗುವುದು ಜೀವ. ಪೆಟ್ಟಿಗೆಗೆ ತೋರಿಸುವ ಕಾಳಜಿಯನ್ನು ಗಾಡಿಗೆ ಯಾಕೆ ತೋರಿಸುವುದಿಲ್ಲ?

ಆ ಭಾಗ ಯಾವುದು ಅಂತ ಮೊದಲು ಹೇಳತೇನಿ. ಇಂಜಿನ್ನಿನಲ್ಲಿ ಎಷ್ಟು ಸಿಲಿಂಡರ್ ಇವೆಯೋ ಅಷ್ಟು ಬಾಯಿಯಿಂದ ಸುಟ್ಟ ಹೊಗೆ ಹೊರಬೀಳುತ್ತದೆ. ಆ ಎಲ್ಲ ಬಾಯಿಗಳ ಹೊಗೆಯನ್ನು ಕೂಡಿಸಿ ಒಂದೇ ಕೊಳವೆಗೆ ತಂದು ಸೈಲೆನ್ಸರಿನ ಪೈಪಿಗೆ ಒಪ್ಪಿಸುವ ತುಂಡಿಗೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಅಂತಾರ. ಕೈಬೆರಳು ಅಂಗೈಗೆ ಕೂಡಿದ ಹಾಗೆ ಇರುತ್ತದೆ. ಹಳೆಯ ಗಾಡಿಗಳಲ್ಲಿ ಅದು ಬೀಡು ಕಬ್ಬಿಣದ್ದು, ಅಂದರೆ ಕರಗಿಸಿ ಅಚ್ಚಿಗೆ ಹೊಯ್ದದ್ದು. ಇಂಜಿನ್ನಿಗೂ ಅದಕ್ಕೂ ನಡುವೆ ಒಂದು ಪ್ಯಾಕಿಂಗ್, ಬಿಗಿಯಲಿಕ್ಕೆ ಸ್ಟಡ್ಡು, ನಟ್ಟು. ಇಷ್ಟೇ. ತಿರುಗುವ ಭಾಗ ಒಂದೂ ಇಲ್ಲ. ಅದಕ್ಕೇ ಯಾರೂ ಅದರ ಕಡೆ ನೋಡುವುದಿಲ್ಲ.

ಅಂಬಾಸಿಡರ್ ಇರಲಿ, ಪದ್ಮಿನಿ ಇರಲಿ, ಅವುಗಳ ಇಂಜಿನ್ ಮುಂದೆ ಬಾನೆಟ್ಟಿನ ಕೆಳಗೆ. ಸೋರಿದ ಹೊಗೆಗೂ ಕೂತವರಿಗೂ ನಡುವೆ ಒಂದು ತಗಡಿನ ಗೋಡೆಯಾದರೂ ಇತ್ತು. ನಮ್ಮ ಮಂದಿ ಹೆಚ್ಚಾಗಿ ಓಡಾಡುವುದು ಓಮ್ನಿಯಲ್ಲಿ. ಮಾರುತಿಯವರು 1984ರಲ್ಲಿ ಈ ವ್ಯಾನ್ ತಂದರು, 2019ರಲ್ಲಿ ಮಾಡುವುದನ್ನು ನಿಲ್ಲಿಸಿದರು. ಹಾಗಾಗಿ ಈಗ ರಸ್ತೆಯ ಮೇಲೆ ಇರುವ ಓಮ್ನಿ ಎಲ್ಲವೂ ಹಳೆಯವೇ. ಅದರ 796 ಸಿಸಿಯ ಮೂರು ಸಿಲಿಂಡರಿನ ಇಂಜಿನ್ ಎಲ್ಲಿದೆ? ಡ್ರೈವರ ಮತ್ತು ಅವನ ಮಗ್ಗುಲಲ್ಲಿ ಕೂತವನ ಸೀಟಿನ ಕೆಳಗೆ! ಸೀಟು ಎತ್ತಿದರೆ ಇಂಜಿನ್. ನಡುವೆ ಇರುವುದು ಒಂದು ಮುಚ್ಚಳ, ಮುಚ್ಚಳದ ಅಂಚಿಗೆ ಒಂದು ರಬ್ಬರ್ ಪಟ್ಟಿ. ಹದಿನೈದು ಇಪ್ಪತ್ತು ವರ್ಷ ಆ ಕಾವು ತಿಂದ ರಬ್ಬರ್ ಎಲ್ಲಿ ಉಳಿದಿರುತ್ತದೆ? ಹರಿದು ಹೋಗಿರುತ್ತದೆ, ಇಲ್ಲ ಹಪ್ಪಳ ಆಗಿರುತ್ತದೆ. ಓಮ್ನಿಯಲ್ಲಿ ಮ್ಯಾನಿಫೋಲ್ಡ್ ಬಿರುಕು ಬಿಟ್ಟರೆ ಹೊಗೆ ಬಂದು ಸೇರುವುದು ಕೂತವರ ಕುಂಡಿಯ ಕೆಳಗೇ. ಮಾತು ಒರಟಾಯಿತು, ಆದರೆ ಸಂಗತಿ ಹಾಗೇ ಇದೆ.

ಬೈನಾ, ಝುವಾರಿನಗರ, ಮಾಪ್ಸಾ ಎಲ್ಲೇ ಹೋಗಿರಿ, ವಿಜಯಪುರ, ಬಾಗಲಕೋಟೆ, ಗದಗ, ಹಾವೇರಿ, ಬೆಳಗಾವಿ ಜಿಲ್ಲೆಯ ಮಂದಿ ಸಿಗುತ್ತಾರೆ. ಗೌಂಡಿ ಕೆಲಸದವರು, ಬಂದರಿನಲ್ಲಿ ಹೊರುವವರು, ತರಕಾರಿ ಮಾರುವವರು. ಊರ ಜಾತ್ರಿ, ಉಗಾದಿ, ಮದುವಿ ಅಂದರೆ ಎಂಟು ಹತ್ತು ಮಂದಿ ಕೂಡಿ ಒಂದು ವ್ಯಾನ್ ಹಿಡಿದು ಬರುತ್ತಾರೆ. ಕದಂಬರ ಹೆಸರು ಹೊತ್ತ ಗೋವಾ ಸರಕಾರದ ಬಸ್ಸೂ ಇವೆ, ನಮ್ಮ ಕಡೆಯ ಸರಕಾರಿ ಬಸ್ಸೂ ಇವೆ. ಆದರೆ ಬಸ್ಸು ಮನೆ ಬಾಗಿಲಿಗೆ ಬರುವುದಿಲ್ಲ, ಗಂಟುಮೂಟೆಗೆ ಜಾಗ ಇರುವುದಿಲ್ಲ. ಬಡವ ವ್ಯಾನ್ ಹಿಡಿಯುವುದು ತಪ್ಪಲ್ಲ. ಬರುವ ದಾರಿ ಎರಡು. ಒಂದು ಮೊಲೆಂ ದಾಟಿ ಅನಮೋಡ ಘಟ್ಟ, ಇನ್ನೊಂದು ಸಾಂಖಳಿ, ಕೇರಿ ದಾಟಿ ಚೋರ್ಲಾ ಘಟ್ಟ. ಚೋರ್ಲಾ ಏರಿ ಮುಂದೆ ಬಂದರೆ ಕಣಕುಂಬಿ, ನಮ್ಮ ಮಲಪ್ರಭೆ ಹುಟ್ಟುವ ಜಾಗ. ಎರಡೂ ದಾರಿಯಲ್ಲಿ ಉದ್ದನ್ನ ಏರು. ತುಂಬಿದ ಗಾಡಿ, ಸಣ್ಣ ಇಂಜಿನ್, ಎರಡನೇ ಗೇರು. ಇಂಜಿನ್ ಅತಿ ಹೆಚ್ಚು ಕಾಯುವುದೂ ಅಲ್ಲೇ, ಹೆಚ್ಚು ಹೊಗೆ ಕಾರುವುದೂ ಅಲ್ಲೇ.

ಬಿರುಕು ಯಾಕೆ ಬಿಡುತ್ತದೆ ಅಂತ ಕೇಳಿದರೆ ನಾನು ಕಂದೀಲಿನ ಗಾಜು ತೋರಿಸುತ್ತೇನೆ. ಉರಿಯುವ ಕಂದೀಲಿನ ಗಾಜಿಗೆ ಒಂದು ಹನಿ ಮಳೆ ಬಿದ್ದರೆ ಚಟ್ ಅಂತದ. ಬೀಡಿನ ಗುಣವೂ ಅದೇ ಜಾತಿಯದು. ಬಂಡಿ ಗಾಲಿಗೆ ಹಳಿ ಏರಿಸುವಾಗ ಕೆಂಪಗೆ ಕಾಯಿಸಿ, ನೀರು ಸುರಿದು ಕುಗ್ಗಿಸುವುದನ್ನು ನನ್ನ ವಯಸ್ಸಿನವರೆಲ್ಲ ನೋಡಿದ್ದೀರಿ. ಆ ಕಬ್ಬಿಣ ತಡೆಯುತ್ತದೆ, ಯಾಕಂದರೆ ಅದು ಮೆತ್ತಗಿನದು, ಬಡಿದರೆ ಬಾಗುತ್ತದೆ. ಬೀಡಿನಲ್ಲಿ ನೂರಕ್ಕೆ 2ರಿಂದ 4 ಪಾಲು ಇಂಗಾಲ ಇರುತ್ತದೆ. ಅದು ಬಾಗುವುದಿಲ್ಲ, ಒಡೆಯುತ್ತದೆ. ಪೆಟ್ರೋಲ್ ಗಾಡಿ ಭಾರ ಎಳೆಯುವಾಗ ಹೊಗೆಯ ಕಾವು 700ರಿಂದ 800 ಡಿಗ್ರಿ ಮುಟ್ಟುತ್ತದೆ. ಗಾಡಿ ನಿಂತಾಗ ಅದೇ ತುಂಡು ತಣ್ಣಗಾಗಬೇಕು. ದಿನಾ ಹಿಗ್ಗು, ದಿನಾ ಕುಗ್ಗು. ಹದಿನೈದು ವರ್ಷ ಹಿಗ್ಗಿ ಕುಗ್ಗಿದರೆ ಯಾವ ಬೀಡಾದರೂ ದಣಿಯುತ್ತದೆ.

ಇದರ ಮೇಲೆ ಗೋವಾದ ಹವೆ ಬೇರೆ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸಪ್ಟೆಂಬರ್ ಒಳಗೆ. ಘಟ್ಟ ಏರಿಳಿದು ಕಾದ ಗಾಡಿ ರಸ್ತೆ ಮೇಲೆ ನಿಂತ ನೀರಿಗೆ ಧಡಲ್ ಅಂತ ಇಳಿಯುತ್ತದೆ, ನೀರು ಹಾರಿ ಕಾದ ಬೀಡಿಗೆ ಬಡಿಯುತ್ತದೆ. ಸಮುದ್ರದ ಉಪ್ಪು ಗಾಳಿಗೆ ಸ್ಟಡ್ಡು ತುಕ್ಕು ಹಿಡಿದು ಒಂದೊಂದೇ ಮುರಿಯುತ್ತವೆ. ಆರು ನಟ್ಟು ಹೊರಬೇಕಾದ ಭಾರವನ್ನು ನಾಲ್ಕು ಹೊತ್ತರೆ ತುಂಡು ಸೊಟ್ಟಗಾಗುತ್ತದೆ. ಸೈಲೆನ್ಸರನ್ನು ಎತ್ತಿ ಹಿಡಿಯುವ ರಬ್ಬರ್ ಹರಿದಿದ್ದರಂತೂ ಕೇಳಲೇ ಬೇಡಿರಿ, ಉದ್ದನ್ನ ಪೈಪಿನ ಭಾರವೆಲ್ಲ ಮ್ಯಾನಿಫೋಲ್ಡಿನ ಕುತ್ತಿಗೆಗೆ ಜೋತು ಬೀಳುತ್ತದೆ. ಹಗ್ಗದಿಂದಲೋ ತಂತಿಯಿಂದಲೋ ಸೈಲೆನ್ಸರ್ ಬಿಗಿದ ಗಾಡಿ ಕಂಡರೆ ನಾನು ಮೊದಲು ಮುಂದಿನ ಸಪ್ಪಳಕ್ಕೆ ಕಿವಿ ಕೊಡುತ್ತೇನೆ. ಗೋವಾದವರು ಸುಸೇಗಾದ್ ಅಂತ ಒಂದು ಮಾತು ಆಡುತ್ತಾರೆ, ನೆಮ್ಮದಿಯಾಗಿ ಇರುವುದು ಅಂತ ಅದರ ಅರ್ಥ. ನಮ್ಮ ಮಂದಿ ಆ ಊರಿಗೆ ಹೋಗಿ ಅದನ್ನು ಅಸಡ್ಡೆ ಅಂತ ತಿಳಿದುಕೊಂಡಿದ್ದಾರೆ.

ಇನ್ನು ಆ ಹೊಗೆಯೊಳಗೆ ಏನಿದೆ ಅನ್ನುವುದು. ಮಾಸ್ತರರೆ, ಇದನ್ನು ನೀವು ನನಗಿಂತ ಚಲೋ ಬಲ್ಲಿರಿ, ಪಾಠದಲ್ಲಿ ಬಂದೇ ಇರುತ್ತದೆ. ಕಾರ್ಬನ್ ಮಾನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ. ನಾವು ಉಸಿರಾಡಿದ ಆಕ್ಸಿಜನ್ನನ್ನು ಹೊತ್ತು ತಿರುಗುವುದು ರಕ್ತದ ಹಿಮೋಗ್ಲೋಬಿನ್. ಈ ವಿಷದ ಗಾಳಿ ಅದಕ್ಕೆ ಆಕ್ಸಿಜನ್ನಿಗಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಅಂದರೆ ಬಸ್ಸಿನ ಸೀಟೆಲ್ಲಾ ಕಳ್ಳರು ಹಿಡಿದು ಕೂತರೆ ಟಿಕೀಟು ತಗೊಂಡವ ನಿಲ್ದಾಣದಲ್ಲೇ ಉಳಿದ ಹಾಗೆ. ಮೊದಲು ತಲೆನೋವು, ಆಮೇಲೆ ತಲೆ ತಿರುಗು, ಹೊಟ್ಟೆ ತೊಳಸು, ನಿದ್ದೆ. ಆ ನಿದ್ದೆ ಹೆಚ್ಚಾದರೆ ಏಳುವುದಿಲ್ಲ. ಹೊಸ ಗಾಡಿಗಳ ಸೈಲೆನ್ಸರಿನ ದಾರಿಯಲ್ಲಿ ಈ ವಿಷವನ್ನು ಬಹುಮಟ್ಟಿಗೆ ಸುಟ್ಟು ಕಳೆಯುವ ಒಂದು ಡಬ್ಬಿ ಇರುತ್ತದೆ. ಆದರೆ ಮ್ಯಾನಿಫೋಲ್ಡ್ ಇರುವುದು ಆ ಡಬ್ಬಿಗಿಂತ ಮೊದಲು. ಅಲ್ಲಿ ಸೋರುವುದು ಹಸಿ ವಿಷ.

ಈಗ ನಮ್ಮ ಘಟ್ಟದ ಪ್ರಯಾಣ ನೆನಪು ಮಾಡಿಕೊಳ್ಳಿರಿ. ಘಟ್ಟ ಏರುವಾಗ ತಲೆ ನೋಯಿತು, ವಾಂತಿ ಬಂತು ಅಂದರೆ ನಾವು ಏನಂತೇವಿ? "ತಿರುವಿಗೆ ಹಂಗ ಆಗತೈತಿ." ಕೈಗೆ ಒಂದು ಲಿಂಬಿಹಣ್ಣು ಕೊಡತೇವಿ. ಕಿಟಕಿ ಮುಚ್ಚತೇವಿ, ಮಳಿ ಬರತೈತಿ ಅಂತ. ವಿಷದ ಲಕ್ಷಣವೂ ತಿರುವಿನ ಲಕ್ಷಣವೂ ಒಂದೇ ಆಗಿರುವುದರಿಂದ ಈ ಮೋಸ ನಡೆಯುತ್ತದೆ. ಲಿಂಬಿಹಣ್ಣಿಗೆ ನನ್ನ ವಿರೋಧ ಇಲ್ಲ. ಲಿಂಬಿಹಣ್ಣು ಕೊಟ್ಟು ವಿಚಾರ ಮಾಡುವುದನ್ನು ನಿಲ್ಲಿಸುವುದಕ್ಕೆ ವಿರೋಧ ಇದೆ.

ಒಂದು ಶ್ರಾವಣದಲ್ಲಿ ನಮ್ಮ ಮೇಳ ವಾಸ್ಕೋ ಕಡೆ ಹಾಡಿಕೆ ಮುಗಿಸಿ ರಾತ್ರಿ ಬಾಡಿಗೆ ಓಮ್ನಿಯಲ್ಲಿ ಹೊರಟಿತ್ತು. ಡ್ರೈವರ್ ಸೇರಿ ಎಂಟು ಮಂದಿ. ಕಿಟಕಿ ಎಲ್ಲಾ ಬಂದ್, ಹೊರಗೆ ಜಡಿಮಳೆ. ಕೇರಿ ದಾಟಿ ಏರು ಹತ್ತಿದ ಮೇಲೆ ಮುಂದೆ ಕೂತಿದ್ದ ದಪ್ಪಿನವ ತಲೆ ಸಿಡೀತೈತಿ ಅಂದ. ಸ್ವಲ್ಪ ಹೊತ್ತಿಗೆ ತುಂತುಣಿಯವ ಹೊಟ್ಟೆ ಹಿಡಿದುಕೊಂಡ. ಆಮೇಲೆ ಹಿಮ್ಮೇಳದ ಹೆಣ್ಣುಮಗಳು ಓಕರಿಸಿದಳು. ಲಿಂಬಿಹಣ್ಣು ಹೊರಬಂತು. ನನಗೆ ಹತ್ತಿದ ಸಂಶಯ ಏನು ಅಂದರೆ, ದಪ್ಪಿನವ ಇಪ್ಪತ್ತು ವರ್ಷ ಈ ಘಟ್ಟ ಹತ್ತಿ ಇಳಿದವ, ಒಮ್ಮೆಯೂ ತಲೆ ಹಿಡಿದುಕೊಂಡವನಲ್ಲ. ತಿರುವು ಒಬ್ಬರಿಗೆ ಆಗತೈತಿ, ಇಬ್ಬರಿಗೆ ಆಗತೈತಿ, ಗಾಡಿಯಲ್ಲಿ ಇದ್ದವರಿಗೆಲ್ಲ ಸಾಲು ಹಿಡಿದು ಹ್ಯಾಂಗ ಆಗತೈತಿ? ಗಾಡಿ ನಿಲ್ಲಿಸಿ ಎಲ್ಲರನ್ನೂ ಇಳಿಸಿದೆ. ತಾಡಪತ್ರಿ ತಲೆ ಮೇಲೆ ಹಿಡಿದು ಅರ್ಧ ತಾಸು ನಿಂತೆವು, ತಲೆ ಹಗುರಾಯಿತು. ಒಳಗೆ ಹತ್ತಿ ನಾಲ್ಕು ಮೈಲು ಹೋಗುವುದರೊಳಗೆ ಮತ್ತೆ ಅದೇ. ಆಮೇಲೆ ಕಿಟಕಿ ಎಲ್ಲಾ ತೆಗೆಸಿ, ತೊಯ್ದು ತಪ್ಪಡಿ ಆಗಿ ಜಾಂಬೋಟಿ ಮುಟ್ಟಿದೆವು. ಬೆಳಕಾದ ಮೇಲೆ ಸೀಟು ಎತ್ತಿಸಿ ನೋಡಿದರೆ ಮ್ಯಾನಿಫೋಲ್ಡಿನ ಮೇಲೆ ಒಂದು ಬೆರಳುದ್ದ ಬಿರುಕು, ಅದರ ಎರಡೂ ಕಡೆ ಕಾಡಿಗೆ ಹಚ್ಚಿದ ಹಾಗೆ ಕಪ್ಪು ಮಸಿ. ಡ್ರೈವರ್ ಏನಂದ ಗೊತ್ತೇನು? "ಇದಾ? ಇದು ಆರು ತಿಂಗಳಿಂದ ಐತ್ರಿ ಅಜ್ಜಾರ. ನಡೀತೈತಿ."

ಎಲ್ಲರಿಗೂ ಒಟ್ಟಿಗೆ ತಲೆನೋವು, ಹೊರಗೆ ಬಂದರೆ ಹಗುರ, ಒಳಗೆ ಕೂತರೆ ಮತ್ತೆ ಶುರು. ಈ ಮೂರು ಕೂಡಿದರೆ ಅದು ಘಟ್ಟದ ತಿರುವಲ್ಲ, ಗಾಡಿಯ ಹೊಗೆ. ಕಿಟಕಿ ತೆಗೆಯುವುದು ಆ ಹೊತ್ತಿನ ಉಪಾಯ ಮಾತ್ರ. ಹಿಂದಿನ ಬಾಗಿಲು ಎತ್ತಿ ಕಟ್ಟಿಕೊಂಡು ಓಡಿಸುವುದಂತೂ ತಿರುಗುಬಾಣ, ಹಿಂದಿನ ಸೈಲೆನ್ಸರಿನ ಹೊಗೆಯನ್ನೂ ಅದು ಒಳಗೆ ಎಳೆದುಕೊಳ್ಳುತ್ತದೆ. ಮತ್ತೊಂದು. ಕೊರೊನಾ ಕಾಲದಲ್ಲಿ ತಂದ ಬೆರಳಿಗೆ ಹಾಕುವ ಯಂತ್ರ ಅನೇಕರ ಮನೆಯಲ್ಲಿದೆ. ಅದನ್ನು ಹಾಕಿ 98 ಬಂತು, ಏನೂ ಆಗಿಲ್ಲ ಅನ್ನಬೇಡಿರಿ. ರಕ್ತಕ್ಕೆ ಅಂಟಿದ್ದು ಆಕ್ಸಿಜನ್ನೋ ಈ ವಿಷವೋ ಅಂತ ಆ ಯಂತ್ರಕ್ಕೆ ಬೇರ್ಪಡಿಸಲು ಬರುವುದಿಲ್ಲ, ಎರಡನ್ನೂ ಒಂದೇ ಅಂತ ಎಣಿಸುತ್ತದೆ. ಆಸ್ಪತ್ರೆಗೆ ಹೋದಾಗ "ಗಾಡಿ ಹೊಗೆ ಕುಡಿದೇವಿ" ಅಂತ ಬಾಯಿಬಿಟ್ಟು ಹೇಳಬೇಕು. ಆಗ ರಕ್ತ ತೆಗೆದು ಬೇರೆ ಪರೀಕ್ಷೆ ಮಾಡುತ್ತಾರೆ, ಆಕ್ಸಿಜನ್ ಹಚ್ಚುತ್ತಾರೆ. ಬರೇ ಬಯಲುಗಾಳಿಯಲ್ಲಿ ಕೂತರೆ ರಕ್ತದಲ್ಲಿನ ವಿಷ ಅರ್ಧಕ್ಕೆ ಇಳಿಯಲಿಕ್ಕೆ ನಾಲ್ಕೈದು ತಾಸು ಬೇಕು.

ನಡೀತೈತಿ ಅನ್ನುವವರ ಮೊದಲ ವಾದ, "ಗಾಡಿ ಬಿಸಿ ಆದಮ್ಯಾಲೆ ಸಪ್ಪಳ ತಾನ ನಿಲ್ಲತೈತಿ." ನಿಲ್ಲುತ್ತದೆ, ನಿಜ. ಬೀಡು ಕಾದು ಹಿಗ್ಗಿದಾಗ ಬಿರುಕಿನ ತುಟಿ ಹತ್ತಿರ ಬರುತ್ತದೆ, ಅದಕ್ಕೆ ಸಪ್ಪಳ ಅಡಗುತ್ತದೆ. ಅಡಗಿದ್ದು ವಾಸಿಯಾದದ್ದಲ್ಲ. ಸಪ್ಪಳ ಅಡಗಿದ ಮೇಲೂ ಸಂದಿಯಿಂದ ಹೊಗೆ ಜಿನುಗುತ್ತಿರುತ್ತದೆ. ದಿನಾ ಹಿಂಗೆ ತೆರೆದು ಮುಚ್ಚಿ ಬಿರುಕು ಉದ್ದಾಗುತ್ತದೆ. ತಣ್ಣಗಿದ್ದಾಗ ಟಿಕ್ ಟಿಕ್, ಬಿಸಿಯಾದ ಮೇಲೆ ಸುಮ್ಮನೆ. ಇದೇ ಆ ರೋಗದ ಗುರುತು, ಅದನ್ನೇ ವಾಸಿಯಾದ ಗುರುತು ಅಂತ ಹೇಳಿಕೊಂಡು ತಿರುಗುತ್ತಾರೆ!

ಎರಡನೆಯವರು ಕೆಲವು ಗ್ಯಾರೇಜಿನವರು. ಎಲ್ಲರೂ ಅಲ್ಲ. ಆ ವ್ಯಾನಿನ ಕೂಡ ಆಮೇಲೆ ಗೋವಾದ ಒಂದು ಗ್ಯಾರೇಜಿಗೆ ನಾನೂ ಹೋಗಿದ್ದೆ. ಮೊದಲು ಇದು ಟ್ಯಾಪೆಟ್ ಸಪ್ಪಳ ಅಂದರು, ಟ್ಯಾಪೆಟ್ ಸೆಟ್ಟಿಂಗ್ ಮಾಡಿ ದುಡ್ಡು ತಗೊಂಡರು. ಸಪ್ಪಳ ಹೋಗಲಿಲ್ಲ. ನಾನು ಬಿರುಕು ಬೆರಳಿಟ್ಟು ತೋರಿಸಿದ ಮೇಲೆ ನೀರಿನ ಪೈಪಿಗೆ ಹಚ್ಚುವ ಮೇಣದಂಥ ಅಂಟು ಕಲಸಿ ಹಚ್ಚಿದರು! ನೂರು ಡಿಗ್ರಿಯ ಆಸುಪಾಸಿನ ಕಾವಿಗೇ ಸೋಲುವ ಅಂಟು ಏಳುನೂರು ಡಿಗ್ರಿಗೆ ತಡೆಯುತ್ತದೇನು? ಮುಂದಿನ ವಾರಕ್ಕೆ ಸುಟ್ಟು ಬೂದಿಯಾಗಿ ಉದುರಿತ್ತು. ಇನ್ನು ಕೆಲವರು ಗೇಟು ಕಿಟಕಿ ಬೆಸೆಯುವ ಸಾದಾ ವೆಲ್ಡಿಂಗ್ ರಾಡಿನಿಂದ ಎರಡು ಚುಕ್ಕೆ ಇಟ್ಟು ಕಳಿಸುತ್ತಾರೆ. ತಣ್ಣನೆಯ ಬೀಡಿಗೆ ಒಂದೇ ಕಡೆ ಆ ಕಾವು ಬಿದ್ದರೆ ಬೆಸುಗೆಯ ಮಗ್ಗುಲಲ್ಲೇ ಹೊಸ ಬಿರುಕು ಹುಟ್ಟುತ್ತದೆ. ಒಂದು ಇದ್ದದ್ದು ಎರಡಾಯಿತು, ಕೂಲಿ ಕೊಟ್ಟದ್ದೂ ಆಯಿತು.

ಮೂರನೆಯವರು ಕಾಗದ ತೋರಿಸುವವರು. "ಪಿಯುಸಿ ಪಾಸ್ ಆಗೇತಿ, ಮತ್ತೇನು?" ಪಿಯುಸಿ ಅಂದರೆ ಏನು ಮಾಡುತ್ತಾರೆ ನೋಡಿದ್ದೀರಲ್ಲ. ಪೆಟ್ರೋಲ್ ಗಾಡಿಯ ಹಿಂದಿನ ಪೈಪಿಗೆ ಒಂದು ಕಡ್ಡಿ ತೂರಿಸಿ, ಬಂದ ಹೊಗೆಯಲ್ಲಿ ವಿಷ ಎಷ್ಟಿದೆ ಅಂತ ಯಂತ್ರದಿಂದ ಅಳೆಯುತ್ತಾರೆ. ಅಳತೆ ಸುಳ್ಳಲ್ಲ. ಆದರೆ ಎಮ್ಮಿಯ ಬಾಲ ಹಿಡಿದು ನೋಡಿ ಬಾಯಿ ಹುಣ್ಣು ಇಲ್ಲ ಅಂತ ಬರೆದುಕೊಟ್ಟ ಹಾಗಾಯಿತು. ಹೊಗೆ ಮುಂದೇ ಸೋರಿ ಹೋಗಿದೆ, ಸಾಲದ್ದಕ್ಕೆ ಬಿರುಕಿನಿಂದ ಹೊರಗಿನ ಗಾಳಿ ಒಳಗೆ ನುಗ್ಗಿ ಹಿಂದೆ ಬರುವ ಹೊಗೆಯನ್ನು ತೆಳ್ಳಗೆ ಮಾಡುತ್ತದೆ. ಸೋರುವ ಗಾಡಿ ಈ ಪರೀಕ್ಷೆಯಲ್ಲಿ ಇನ್ನೂ ಚಲೋ ಪಾಸಾದರೂ ಆಶ್ಚರ್ಯ ಪಡಬೇಡಿರಿ. ಎಂಪಿಎಫ್‌ಐ ಇಂಜಿನ್ನಿನ ಗಾಡಿಗಳಲ್ಲಿ ಪೈಪಿನೊಳಗೆ ಒಂದು ಸೆನ್ಸರ್ ಇರುತ್ತದೆ. ಅದೂ ಹೀಗೆ ನುಗ್ಗಿದ ಗಾಳಿಗೆ ಮೋಸ ಹೋಗಿ, ಪೆಟ್ರೋಲ್ ಕಮ್ಮಿ ಬೀಳುತ್ತಿದೆ ಅಂತ ತಿಳಿದು ಇನ್ನಷ್ಟು ಸುರಿಸುತ್ತದೆ. ಎವರೇಜ್ ಕೊಡವಲ್ದು ಅಂತ ಗೊಣಗುವ ಡ್ರೈವರ್ ದಿನಾ ಸುಡುವ ಆ ಪೆಟ್ರೋಲಿನ ದುಡ್ಡು ಕೂಡಿಸಿದರೆ ರಿಪೇರಿ ತಾನಾಗೇ ಆಗುತ್ತಿತ್ತು.

ನಾಲ್ಕನೆಯವರು ಓದಿದವರು, ನೌಕರಿಯವರು. "ಇಂಥ ಗಾಡಿ ಎಲ್ಲಾ ಗುಜರಿಗೆ ಹಾಕಬೇಕು" ಅಂತ ಒಂದೇ ಮಾತಿಗೆ ಮುಗಿಸುತ್ತಾರೆ. ಕೇಂದ್ರ ಸರಕಾರ 2021ರ ಆಗಸ್ಟ್ 13ರಂದು ಹಳೆ ಗಾಡಿ ಗುಜರಿ ನೀತಿ ಶುರು ಮಾಡಿತು. 2022ರ ಏಪ್ರಿಲ್ 1ರಿಂದ ಹದಿನೈದು ವರ್ಷ ಮುಗಿದ ಕಾರಿನ ಮರು ನೋಂದಣಿ ಫೀ 600 ರೂಪಾಯಿ ಇದ್ದದ್ದು 5000 ಆಯಿತು. ನಿಗದಿಯಾದ ಫೀ ಕೊಟ್ಟು, ಗಾಡಿ ಪರೀಕ್ಷೆಯಲ್ಲಿ ಪಾಸಾದರೆ ನಮ್ಮ ಕಡೆಯೂ ಗೋವಾದಲ್ಲೂ ಅದನ್ನು ಓಡಿಸಬಹುದು. ಅದು ಕಾನೂನು. ಗುಜರಿಗೆ ಹಾಕು ಅನ್ನುವವರು ಹೊಸ ಗಾಡಿ ಕೊಡಿಸುತ್ತಾರೇನು? ಒಂದು ಓಮ್ನಿ ಅಂದರೆ ಒಂದು ಮನೆಯ ಒಲೆ. ಎತ್ತಿಗೆ ಕಾಲು ಕುಂಟಿದರೆ ಲಾಳ ಬಡಿಸುತ್ತೇವೆ, ಕಟುಕನಿಗೆ ಕೊಡುವುದಿಲ್ಲ. ಈ ಗುಜರಿ ಮಾತಿನಿಂದ ಇನ್ನೊಂದು ಕೆಟ್ಟದ್ದು ಆಗಿದೆ. ಹೆಂಗೂ ಇನ್ನೆರಡು ವರ್ಷಕ್ಕೆ ಗುಜರಿಗೆ ಹೋಗೂ ಗಾಡಿ, ಯಾಕ ದುಡ್ಡು ಹಾಕೂದು ಅಂತ ಮಾಲೀಕರು ರಿಪೇರಿಯನ್ನೇ ಕೈಬಿಟ್ಟಿದ್ದಾರೆ. ಆ ಎರಡು ವರ್ಷ ಅದರಲ್ಲಿ ಕೂಡುವವರು ಯಾರು?

ರಿಪೇರಿ ಏನು ಆಕಾಶದ ಮಾತಲ್ಲ. ಆ ವ್ಯಾನಿಗೆ ಕಡೆಗೆ ಗುಜರಿಯಿಂದ ತಂದ ಮ್ಯಾನಿಫೋಲ್ಡ್, ಹೊಸ ಪ್ಯಾಕಿಂಗ್, ಹೊಸ ಸ್ಟಡ್ಡು, ಲೇತಿನ ಕೆಲಸ, ಕೂಲಿ ಎಲ್ಲಾ ಸೇರಿ ಆದ ಖರ್ಚು ಸರಕಾರದ ಆ 5000 ಫೀಗಿಂತ ಕಡಿಮೆ. ಗುಜರಿಯಲ್ಲಿ ಆರಿಸುವಾಗ ನಾನೇ ಜೊತೆಗೆ ನಿಂತಿದ್ದೆ. ಸಂತೆಯಲ್ಲಿ ಗಡಿಗೆ ಕೊಳ್ಳುವ ಹೆಣ್ಣುಮಕ್ಕಳು ಬೆರಳಿನಿಂದ ತಟ್ಟಿ ನೋಡುತ್ತಾರಲ್ಲ, ಹಾಗೇ ಇದು. ಹಗ್ಗಕ್ಕೆ ತೂಗುಬಿಟ್ಟು ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಬೇಕು. ಗಟ್ಟಿ ಬೀಡು ಗಂಟಿಯ ಹಾಗೆ ನುಡಿಯುತ್ತದೆ, ಬಿರುಕಿದ್ದದ್ದು ಡಬ್ ಅನ್ನುತ್ತದೆ. ನಾಲ್ಕು ತಟ್ಟಿ ಮೂರು ಬಿಟ್ಟೆವು. ಕಿವಿ ನಂಬದವರಿಗೆ ಇನ್ನೊಂದು ದಾರಿ ಇದೆ. ತುಂಡಿಗೆ ಸೀಮೆಎಣ್ಣೆ ಹಚ್ಚಿ, ಅರಿವೆಯಿಂದ ಪೂರಾ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಸವರಿ ಬಿಟ್ಟರೆ ಬಿರುಕಿನೊಳಗೆ ಉಳಿದ ಎಣ್ಣೆ ಮೇಲೆ ಬಂದು ಗೆರೆ ಮೂಡುತ್ತದೆ. ಸೀಮೆಸುಣ್ಣ ಮಾಸ್ತರರ ಕಡೆ ಸಿಗುತ್ತದೆ.

ಗುಜರಿಯಲ್ಲೂ ಸಿಗದಂಥ ಹಳೆಯ ಗಾಡಿಗೆ ಬೆಸೆಯುವುದೊಂದೇ ದಾರಿ. ಅದಕ್ಕೆ ಬೀಡಿನ ಗುಣ ಬಲ್ಲವ ಬೇಕು. ಬೆಳಗಾವಿಯ ಉದ್ಯಮಬಾಗ ಕಡೆ ಬೀಡು ಹೊಯ್ಯುವ ಫೌಂಡ್ರಿಗಳು ಇವೆ, ಬಲ್ಲವರಿಗೆ ಬರ ಇಲ್ಲ. ಬಿರುಕಿನ ಎರಡೂ ತುದಿಗೆ ಸಣ್ಣ ತೂತು ಕೊರೆದು ಮೊದಲು ಅದರ ಓಟ ನಿಲ್ಲಿಸುತ್ತಾರೆ. ಬಿರುಕಿನ ಉದ್ದಕ್ಕೂ ಉಳುಮೆ ಸಾಲಿನ ಹಾಗೆ ತೋಡುತ್ತಾರೆ. ಆಮೇಲೆ ಇಡೀ ತುಂಡನ್ನು ಒಂದೇ ಸಮ ಮಂದ ಕೆಂಪಿಗೆ ಕಾಯಿಸಿ, ಗ್ಯಾಸಿನ ಬೆಂಕಿಯಲ್ಲಿ ಬೀಡಿನ ಕಡ್ಡಿಯನ್ನೇ ಕರಗಿಸಿ ತುಂಬುತ್ತಾರೆ. ನಿಕ್ಕಲ್ ರಾಡಿನಿಂದ ಮಾಡುವವರೂ ಇದ್ದಾರೆ. ಹಿತ್ತಾಳೆ ಬೆಸುಗೆ ಬೇರೆ ಕಡೆ ಚಲೋ, ಇಲ್ಲಿನ ಕಾವಿಗೆ ಅದು ಬಲ ಕಳೆದುಕೊಳ್ಳುತ್ತದೆ. ಬೆಸೆದ ತುಂಡನ್ನು ಬೂದಿಯಲ್ಲೋ ಒಣ ಉಸುಕಿನಲ್ಲೋ ರಾತ್ರಿ ಹೂತಿಟ್ಟು ಸಾವಕಾಶ ಆರಿಸಬೇಕು. ಅವಸರಕ್ಕೆ ಬಿದ್ದು ನೀರು ಸೋಕಿಸಿದರೆ ಕಂದೀಲಿನ ಗಾಜಿನ ಕತೆಯೇ. ಆರಿದ ಮೇಲೆ ಇಂಜಿನ್ನಿಗೆ ಕೂಡುವ ಮುಖವನ್ನು ಲೇತಿನಲ್ಲಿ ಸಪಾಟು ಮಾಡಿಸಬೇಕು. ಇದನ್ನು ತಪ್ಪಿಸಿದರೆ ಹೊಸ ಪ್ಯಾಕಿಂಗ್ ವಾರದಲ್ಲಿ ಹಾರುತ್ತದೆ. ಕೂಡಿಸುವಾಗ ನಟ್ಟುಗಳನ್ನು ನಡುವಿನಿಂದ ಹೊರಗಿನ ಕಡೆ ಬಿಗಿಯುತ್ತ ಹೋಗಬೇಕು. ಒಮ್ಮೆ ಗಾಡಿ ಓಡಿ, ಕಾದು, ಪೂರ್ತಿ ಆರಿದ ಮೇಲೆ ಮತ್ತೊಮ್ಮೆ ಬಿಗಿಯಬೇಕು. ಸೀಟಿನ ಕೆಳಗಿನ ಮುಚ್ಚಳದ ರಬ್ಬರನ್ನೂ, ಸೈಲೆನ್ಸರಿನ ಜೋತುಬಿದ್ದ ರಬ್ಬರನ್ನೂ ಅದೇ ದಿನ ಹೊಸದು ಹಾಕಿಸಿರಿ. ಅವೇನು ದೊಡ್ಡ ಖರ್ಚಲ್ಲ.

ಇಷ್ಟು ಬರೆದದ್ದು ಬರೇ ಘಟ್ಟ ಹತ್ತುವ ದೊಡ್ಡವರ ಸಲುವಾಗಿ ಅಲ್ಲ. ದೊಡ್ಡವರು ತಲೆ ನೋಯುತ್ತದೆ ಅಂತ ಬಾಯಿಬಿಟ್ಟು ಹೇಳುತ್ತಾರೆ, ಗಾಡಿ ನಿಲ್ಲಿಸುತ್ತಾರೆ. ಗೋವಾದ ನಮ್ಮ ಓಣಿಗಳಲ್ಲೂ, ಇಲ್ಲಿ ನಮ್ಮ ಸುತ್ತಿನ ಹಳ್ಳಿಗಳಲ್ಲೂ ಇದೇ ಓಮ್ನಿಗಳು ಶಾಲೆಗೆ ಮಕ್ಕಳನ್ನು ಒಯ್ಯುತ್ತವೆ. ಹತ್ತು ಹನ್ನೆರಡು ಕೂಸುಗಳು, ಮಳೆಗಾಲಕ್ಕೆ ಬಂದಾದ ಕಿಟಕಿ. ಮುಂದಿನ ಸೀಟಿನಲ್ಲಿ, ಇಂಜಿನ್ನಿನ ನೆತ್ತಿಯ ಮೇಲೆ ಮೂರು ಮಕ್ಕಳು. ಅವರಲ್ಲಿ ಎಷ್ಟೋ ಗಾಡಿಗಳು ಬಿಳಿ ಬೋರ್ಡಿನವು, ಬಾಡಿಗೆಗೆ ಓಡಿಸಲಿಕ್ಕೆ ಪರವಾನಿಗೆಯೇ ಇಲ್ಲ, ಆ ಮಾತು ಬೇರೆ. ಶಾಲೆಗೆ ಬಂದ ಮಗು ಮೊದಲ ಪಾಠಕ್ಕೇ ತಲೆ ಬಾಗಿಸಿ ಮಲಗಿದರೆ ನಾವು ಏನಂತೇವಿ? ರಾತ್ರಿ ಮೊಬೈಲ್ ನೋಡೇತಿ ಅಂತೇವಿ. ಊಟ ಮಾಡಿಲ್ಲ ಅಂತೇವಿ. ಇರಬಹುದು. ಅದೇ ವ್ಯಾನಿನಲ್ಲಿ ಬಂದ ಬೇರೆ ಮಕ್ಕಳಿಗೂ ತಲೆನೋವು ಐತೇನು ಅಂತ ಒಮ್ಮೆಯಾದರೂ ಕೇಳಿದ್ದೀರೇನು ಗುರುಗಳೆ?

ಶಾಲೆ ಶುರುವಾಗುವ ಮೊದಲ ವಾರದಲ್ಲಿ ಒಂದು ಮುಂಜಾನೆ, ವ್ಯಾನುಗಳು ರಾತ್ರಿಯಿಡೀ ನಿಂತು ತಣ್ಣಗಿರುವಾಗ, ಶಾಲಾ ಸಮಿತಿಯ ಇಬ್ಬರು ಮೂವರು ಹೋಗಿ ನಿಲ್ಲಲಿ. ಡ್ರೈವರನಿಗೆ ಸೀಟು ಎತ್ತಿಸಿ ಗಾಡಿ ಚಾಲೂ ಮಾಡಿಸಲಿ, ಐದು ನಿಮಿಷ ಕಿವಿ ಕೊಡಲಿ. ಹಿಂದಿನ ಪೈಪಿಗೆ ಒದ್ದೆ ಅರಿವೆಯ ಮುದ್ದೆ ಎರಡು ಗಳಿಗೆ ಒತ್ತಿ ಹಿಡಿದರೆ ಸಾಕು, ಮುಂದೆ ಸೋರಿಕೆ ಇದ್ದಲ್ಲಿ ಬುಸ್ ಅಂತದ. ಮ್ಯಾನಿಫೋಲ್ಡಿನ ಮೇಲೆ, ಪ್ಯಾಕಿಂಗಿನ ಸುತ್ತ ಕಪ್ಪು ಮಸಿ ಇದೆಯೇನು ಅಂತ ಬ್ಯಾಟರಿ ಹಾಕಿ ನೋಡಲಿ. ಇದ್ದರೆ ಆ ಗಾಡಿ ರಿಪೇರಿ ಆಗಿ ಬರುವವರೆಗೆ ಮಕ್ಕಳು ಬೇರೆ ಗಾಡಿಯಲ್ಲಿ ಬರಲಿ, ಇಲ್ಲಾ ನಡೆದು ಬರಲಿ. ಡ್ರೈವರ್ ನಮ್ಮವನೇ, ಅವನ ಕೈಯಲ್ಲಿ ದುಡ್ಡು ಇಲ್ಲದಿದ್ದರೆ ಪಾಲಕರು ಮುಂದಿನ ತಿಂಗಳ ಬಾಡಿಗೆಯನ್ನು ಮುಂಗಡ ಕೊಡಲಿ. ನಮ್ಮ ವಾಚನಾಲಯದ ಹಾಡಿಕೆಯಲ್ಲಿ ಕೂಡಿದ ದುಡ್ಡಿನಲ್ಲಿ ಅಂಥ ಒಂದು ಗಾಡಿಯ ಪ್ಯಾಕಿಂಗ್ ಮತ್ತು ಸ್ಟಡ್ಡಿನ ಖರ್ಚು ಕೊಡಲಿಕ್ಕೆ ನಮ್ಮ ಮೇಳ ಒಪ್ಪಿದೆ. ಯಾವ ವ್ಯಾನ್ ಅಂತ ಶಾಲೆಯವರು ಹೇಳಿದರೆ ಸಾಕು, ತಟ್ಟಿ ನೋಡಿ ಆರಿಸಲಿಕ್ಕೆ ಗುಜರಿಗೆ ನಾನು ಬರತೇನಿ.